ಅಪ್ಪನ ತೂಗುಗುಂಡು

ಮಾರ್ಚ್ ೧೨, ಬುಧವಾರ, ಬೆಳಗ್ಗೆ

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳ ವಂದನೆಗಳು. ನಾನಿಲ್ಲಿ ಕ್ಷೇಮ ಅಂತ ಪ್ರತಿ ಪತ್ರದಲ್ಲೂ ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಕೈಕಾಲು ನೆಟ್ಟಗಿವೆ, ಅಷ್ಟೇ. ಇದನ್ನು ನೀನೇ ಓದು. ಕನ್ನಡಕ ಸಿಗುತ್ತಿಲ್ಲ ಅಂತ ತಮ್ಮನ ಕೈಗೆ ಕೊಟ್ಟುಬಿಡಬೇಡ. ಅದು ಯಾವಾಗಲೂ ನಿನ್ನ ತಲೆಯ ಮೇಲೇ ಇರುತ್ತದೆ. ಅಮ್ಮನಿಗೆ ಎಷ್ಟು ಹೇಳಬೇಕು ಅನ್ನುವುದು ನಿನಗೆ ಬಿಟ್ಟಿದ್ದು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಶುಕ್ರವಾರ ನಮ್ಮ ಚರ್ಚಿನ ಸಭೆಯವರು ಊರಿಗೆ ವಿಮಾನ ಹತ್ತುತ್ತಾರೆ. ನಾನು ಹತ್ತುತ್ತೇನೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ನಮ್ಮ ಜೊತೆ ಬಂದಿರುವ ನರ್ಸಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸಭೆಯ ಸೇವೆ ಅಂತ ಈ ದೇಶಕ್ಕೆ ಬಂದು ನಾವು ಕಟ್ಟುತ್ತಿದ್ದ ಕ್ಲಿನಿಕ್ಕಿನ ಹಿಂಗೋಡೆ ಸೋಮವಾರ ಬೆಳಗ್ಗೆ ಬಿತ್ತು. ಅದರಡಿ ಇಲ್ಲಿಯ ಮೇಸ್ತ್ರಿಯ ಹೆಂಡತಿ ಇದ್ದಳು. ಹಸಿ ಗೋಡೆಗೆ ಬೆಳಗ್ಗೆ ಸಂಜೆ ನೀರು ಹೊಡೆಯುವ ಕೆಲಸ ಅವಳದು. ಭಾಷೆ ಬರದಿದ್ದರೂ ನನ್ನ ಜೊತೆ ತಮಾಷೆ ಮಾಡುತ್ತಿದ್ದಳು. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ನನ್ನ ಕಾಲ ಮೇಲೆ ನೀರು ಹಾರಿಸಿ ಏನೂ ಗೊತ್ತಿಲ್ಲದವಳ ಹಾಗೆ ಆಚೆ ನೋಡುತ್ತಿದ್ದಳು. ಇಟ್ಟಿಗೆಗಳನ್ನು ಎತ್ತಿ ಎತ್ತಿ ಎಸೆದೆವು. ನರ್ಸಕ್ಕ ಕುತ್ತಿಗೆಯ ನಾಡಿ ಮುಟ್ಟಿ ನೋಡಿ ಎದ್ದು ನಿಂತಳು. ಪೈಪಿನಲ್ಲಿ ನೀರು ಹರಿಯುತ್ತಲೇ ಇತ್ತು, ನಲ್ಲಿ ನಿಲ್ಲಿಸಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪೊಲೀಸರು ಬಂದು ಕೆಲಸದ ಹೊಣೆ ಯಾರದು ಅಂತ ಕೇಳಿದರು. ನಮ್ಮ ಪಾಸ್ಟರು ಮೇಸ್ತ್ರಿಯನ್ನು ತೋರಿಸಿದರು. ಕರಾರಿನಲ್ಲಿ ಇರುವುದೂ ಹಾಗೆಯೇ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮನುಷ್ಯನನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದರು. ನಾಳೆ ಅವಳನ್ನು ಮಣ್ಣು ಮಾಡುತ್ತಾರೆ. ಅಷ್ಟರೊಳಗೆ ಗಂಡನನ್ನು ಬಿಡುತ್ತಾರೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅವರ ಮಗಳು ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ನಿನ್ನೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಹೆಚ್ಚುಕಡಿಮೆ ನನ್ನದೇ ವಯಸ್ಸು.

ಈಗ ನಾವು ಹೇಗೆ ಕಟ್ಟಿದೆವು ಅಂತ ಹೇಳುತ್ತೇನೆ. ನೀನು ಮೇಸ್ತ್ರಿ, ನಿನಗೆ ಮೊದಲ ಸಾಲಿಗೇ ಅರ್ಥವಾಗುತ್ತದೆ. ನಾವು ಹದಿನಾಲ್ಕು ಜನ. ಬ್ಯಾಂಕಿನವರು, ಹಾಡುವ ಹುಡುಗಿಯರು, ರಿಟೈರಾದ ಹೆಡ್‌ಮಾಸ್ತರು. ಹೆಡ್‌ಮಾಸ್ತರು ಸಿಮೆಂಟು ಕಲಸುವುದನ್ನು ನೀನು ನೋಡಬೇಕಿತ್ತು, ಲೋಟದಲ್ಲಿ ಸಕ್ಕರೆ ಕದಡಿದ ಹಾಗೆ. ಮಧ್ಯಾಹ್ನ ನಾವೆಲ್ಲ ಊಟಕ್ಕೆ, ಆಮೇಲೆ ಪ್ರಾರ್ಥನೆಗೆ ಹೋಗುತ್ತಿದ್ದೆವು. ತಿರುಗಿ ಬಂದರೆ ಬೆಳಗ್ಗೆ ಕಟ್ಟಿದ ಗೋಡೆ ಇನ್ನೂ ನೆಟ್ಟಗಾಗಿರುತ್ತಿತ್ತು. ನೋಡಿದ್ರಾ, ಆ ಪ್ರಭುನೇ ನಮ್ ಕೈ ಹಿಡಿದು ಕಟ್ಟಿಸ್ತಿದ್ದಾನೆ ಅಂತ ಹೆಡ್‌ಮಾಸ್ತರು ಕಣ್ಣೀರು ಹಾಕಿದರು. ನನಗೆ ಒಳಗೊಳಗೇ ನಗು. ಸಂದಿಗಳ ಸಿಮೆಂಟು ನೋಡಿದರೆ ಗೊತ್ತಾಗುವುದಿಲ್ಲವೇ, ಅದು ಯಾರ ಕೈ ಅಂತ? ನಾವು ಅತ್ತ ಹೋದ ಕೂಡಲೆ ಮೇಸ್ತ್ರಿ ನಮ್ಮ ಸಾಲುಗಳನ್ನು ಬಿಚ್ಚಿ, ಇಟ್ಟಿಗೆ ತೊಳೆದು, ಮತ್ತೆ ಕಟ್ಟುತ್ತಿದ್ದ. ಮರುದಿನವೂ ಅದೇ. ಪಾಪ, ಯಾರ ಮನಸ್ಸೂ ನೋಯಬಾರದು ಅಂತ ಒಂದು ಮಾತೂ ಆಡಲಿಲ್ಲ.

ನನ್ನ ಮೂಲೆಯನ್ನು ಮಾತ್ರ ಅವನು ಎರಡು ದಿನ ಮುಟ್ಟಲಿಲ್ಲ. ಹೌದಪ್ಪಾ, ಹಿಂಗೋಡೆಯ ಮೂಲೆ ಕಟ್ಟಿದ್ದು ನಾನು. ಮೇಸ್ತ್ರಿ ಮಗಳು, ಮೂಲೆ ಅವಳಿಗೇ ಕೊಡಿ ಅಂತ ಎಲ್ಲರೂ ತಲೆಯ ಮೇಲೆ ಕೂರಿಸಿಕೊಂಡರು. ನೀನು ಒಂದು ದಿನವಾದರೂ ನನ್ನ ಕೈಗೆ ಕರಣೆ ಕೊಟ್ಟಿದ್ದೀಯಾ? ದಾರ ಹಿಡಿ, ನೀರು ತಾ, ಇಟ್ಟಿಗೆ ಎಣಿಸು. ಹತ್ತು ವರ್ಷ ದಾರ ಹಿಡಿದೆ. ತಮ್ಮ ಕರಣೆ ಬೇಡವೇ ಬೇಡ ಅಂದ, ಅವನಿಗೆ ಬಲವಂತ ಮಾಡಿದೆ. ಬೇಕು ಅಂದ ನನಗೆ ಕೊಡಲಿಲ್ಲ. ಹೊರಡುವ ದಿನ, ಗೋಡೆ ನೆಟ್ಟಗಿದೆಯಾ ಅಂತ ನೀನು ನೂಲಿನಲ್ಲಿ ಇಳಿಬಿಟ್ಟು ನೋಡುವ ನಿನ್ನ ಹಿತ್ತಾಳೆಯ ತೂಗುಗುಂಡನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೈಗಿಟ್ಟಾಗ ನಾನು ಅತ್ತಿದ್ದು ಅದಕ್ಕೇ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಕರಣೆ ಕೈಗೆ ಬಂದಾಗ ನನಗೆ ಎಂಥ ಜಂಬ ಬಂದಿತ್ತು ಅಂತ ನಿನಗೆ ಗೊತ್ತಾಗಲಿ ಅಂತ ಬರೆದೆ.

ಮೂರನೆಯ ದಿನ ಊಟ ಮುಗಿಸಿ ಬಂದರೆ ನನ್ನ ಮೂಲೆಯ ನಾಲ್ಕು ಸಾಲನ್ನು ಮೇಸ್ತ್ರಿ ಬಿಚ್ಚಿ ಕೆಳಗಿಳಿಸಿದ್ದ. ಎಲ್ಲರೂ ನನ್ನ ಮುಖ ನೋಡಿದರು. ಮೇಸ್ತ್ರಿ ಅಂಗೈಯನ್ನು ವಾಲಿಸಿ ತೋರಿಸಿದ, ಆಮೇಲೆ ನೆಟ್ಟಗೆ ನಿಲ್ಲಿಸಿ ತೋರಿಸಿದ. ನಮ್ಮ ಭಾಷೆ ಬಲ್ಲ ಡ್ರೈವರು, ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಇದು ವಾಲಿದ್ಯಂತೆ, ಬುಡದಿಂದ ಬಿಚ್ಲೇಬೇಕಂತೆ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಪಾಸ್ಟರ ಹತ್ತಿರ ಹೋಗಿ, ಇವನು ದಿನಾ ನಾವು ಕಟ್ಟಿದ್ದನ್ನೆಲ್ಲ ಕೆಡವುತ್ತಿದ್ದಾನೆ, ನಿಮಗೆ ಗೊತ್ತೇ ಇಲ್ಲ ಅಂದೆ. ಪಾಸ್ಟರಿಗೆ ಅವಮಾನವಾಯಿತು. ನಾವಿಲ್ಲಿರುವ ತನಕ ನಾವು ಕಟ್ಟಿದ ಗೋಡೆಗೆ ಕೈ ಹಚ್ಚಕೂಡದು ಅಂತ ಡ್ರೈವರ ಬಾಯಲ್ಲಿ ಅವನಿಗೆ ಹೇಳಿಸಿದರು. ಅವನು ಕರಣೆ ತೊಳೆದು ಹೊರಟುಹೋದ. ಇಳಿಸಿದ್ದ ನಾಲ್ಕು ಸಾಲನ್ನು ನಾನು ಮತ್ತೆ ಏರಿಸಿದೆ. ಮೂಲೆ ಹೋದತ್ತ ಗೋಡೆ ಹೋಗುತ್ತದೆ ಅಂತ ನಿನಗೆ ಹೇಳಬೇಕೇ? ನನ್ನ ಮೂಲೆಗೆ ದಾರ ಕಟ್ಟಿಕೊಂಡು ಉಳಿದವರೆಲ್ಲ ತಲೆ ಮೀರುವಷ್ಟು ಎತ್ತರಕ್ಕೆ ಕಟ್ಟಿದರು.

ಶನಿವಾರ ನೀನು ಫೋನಿನಲ್ಲಿ ಕೇಳಿದ್ದು ನೆನಪಿದೆಯಾ? ಫೋಟೋ ನೋಡ್ದೆ, ಮೂಲೆ ಚೆನ್ನಾಗಿ ಬಂದಿದೆ, ಗುಂಡು ಬಿಟ್ಟು ನೋಡಿದ್ಯಾ ಅಂದೆ. ನೋಡ್ದೆ ಅಪ್ಪಾ, ನೂಲು ಹಿಡಿದ ಹಾಗಿದೆ ಅಂತ ನಾನು ಹೇಳಿದೆ. ಸುಳ್ಳು. ಗುಂಡನ್ನು ಟವೆಲಿನಿಂದ ಬಿಚ್ಚಿಯೇ ಇರಲಿಲ್ಲ. ಕಣ್ಣಳತೆ ಸಾಕು ಅಂದುಕೊಂಡಿದ್ದೆ.

ನಿನ್ನೆ ಕೂತು ಪೊಲೀಸರಿಗೆ ಕೊಡುವ ಹೇಳಿಕೆ ಬರೆದೆ. ಮೂಲೆ ನನ್ನದು, ಮೇಸ್ತ್ರಿಯ ಕೈ ಕಟ್ಟಿಸಿದವಳೂ ನಾನೇ ಅಂತ. ಪಾಸ್ಟರು ಓದಿ ತಲೆ ಹಿಡಿದುಕೊಂಡು ಕೂತರು. ಕೆಟ್ಟವರಲ್ಲ ಅಪ್ಪಾ, ಹೆದರಿದ್ದಾರೆ. ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಗೋಡೆ ವಾಲಿದೆ ಅಂತ ನನಗೆ ಗೊತ್ತಿರಲಿಲ್ಲ ಅನ್ನೋ ಒಂದು ಸಾಲು ಸೇರಿಸಮ್ಮ, ಅಷ್ಟಿದ್ರೆ ನಿನ್ನನ್ನ ಹೇಗಾದ್ರೂ ಶುಕ್ರವಾರ ಕರ್ಕೊಂಡು ಹೋಗ್ತೀನಿ, ನಿಮ್ಮಪ್ಪನಿಗೆ ನಾನು ಏನಂತ ಮುಖ ತೋರಿಸ್ಲಿ ಅಂದರು. ಸೇರಿಸಿದೆ. ಹತ್ತು ಗಂಟೆಗೆ ಡ್ರೈವರ ಜೊತೆ ಠಾಣೆಗೆ ಹೋಗುತ್ತೇನೆ. ಮೇಸ್ತ್ರಿ ಹೆಂಡತಿಯ ಮಣ್ಣಿಗಾದರೂ ಹೋಗುವಂತಾಗಲಿ.

ನನಗೆ ತುಂಬಾ ಹೆದರಿಕೆಯಾಗುತ್ತಿದೆ, ಅಪ್ಪಾ. ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದರೆ ನೀರು ಹರಿಯುವ ಸದ್ದು ಕೇಳಿಸುತ್ತದೆ. ನೀನು ಬೈಯಬೇಕು ಅನ್ನಿಸುತ್ತಿದೆ. ಬೈದು ಪತ್ರ ಬರೆ.

ನಿನ್ನ ದಾರ ಹಿಡಿಯುತ್ತಿದ್ದ,
ಮಗಳು

ತಾ.ಕ.: ಮಧ್ಯಾಹ್ನ, ಠಾಣೆಯ ಬೆಂಚಿನ ಮೇಲೆ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ. ಗುಂಡನ್ನು ಬಿಚ್ಚಿಯೇ ಇರಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದೂ ಸುಳ್ಳು. ದೂರು ಹೇಳಿದ ದಿನವೇ ಸಂಜೆ, ಎಲ್ಲರೂ ಹಾಡಿನ ಅಭ್ಯಾಸಕ್ಕೆ ಹೋದ ಮೇಲೆ, ಒಬ್ಬಳೇ ಹೋಗಿ ಗುಂಡು ಬಿಟ್ಟು ನೋಡಿದ್ದೆ. ಮೂಲೆ ನೂಲಿನಿಂದ ಎರಡು ಬೆರಳು ಆಚೆ ಇತ್ತು. ಮೇಸ್ತ್ರಿಯ ಹೆಂಡತಿ ಅಲ್ಲೇ ನೀರು ಹೊಡೆಯುತ್ತಿದ್ದಳು. ನನ್ನತ್ತ ನೋಡಿ ನಕ್ಕು ಎರಡು ಬೆರಳು ಎತ್ತಿ ತೋರಿಸಿದಳು. ನಾನು ದಾರ ಸುತ್ತಿ, ಗುಂಡನ್ನು ಟವೆಲಿನಲ್ಲಿಟ್ಟು ಬಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ ಅಂತ ಬರೆದುಕೊಟ್ಟರೆ ಗೊತ್ತಿದ್ದೂ ಬಿಟ್ಟವನು ಮೇಸ್ತ್ರಿ ಒಬ್ಬನೇ ಆಗುತ್ತಾನೆ ಅಂತ ದಾರಿಯಲ್ಲಿ ಡ್ರೈವರು ಹೇಳಿದ. ಆ ಸಾಲು ಹೊಡೆದುಹಾಕಿ, ನಡೆದದ್ದನ್ನು ಬರೆದುಕೊಟ್ಟೆ. ಮೇಸ್ತ್ರಿ ಈಗಷ್ಟೇ ಹೊರಗೆ ಬಂದ. ಅವನ ಮಗಳು ಆ ಬಿಳಿ ಅಂಗಿ ತೊಡಿಸಿದಳು. ಇಬ್ಬರೂ ನನ್ನತ್ತ ನೋಡಲಿಲ್ಲ. ನನ್ನನ್ನು ಒಳಗೆ ಕರೆಯುತ್ತಿದ್ದಾರೆ. ಗುಂಡನ್ನು ಪೊಲೀಸರು ಇಟ್ಟುಕೊಂಡರು, ಯಾವಾಗ ಕೊಡುತ್ತಾರೋ ಹೇಳಲಿಲ್ಲ. ನೀನು ಬೇರೆ ಗುಂಡು ತಗೋ, ಅಪ್ಪಾ.