ಬಾವಿಯ ಕಂದೀಲು

ತಿಕೋಟಾ, ಸೋಮವಾರ

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ಅಳಿಯನನ್ನು ಮಣ್ಣು ಮಾಡಲು ನೀವು ಬಂದಾಗ ಜನರೆದುರು ಹೇಳಲಾಗಲಿಲ್ಲ. ದ್ರಾಕ್ಷಿ ರಸ ಹುದುಗುವಾಗ ಏಳುವ ಗಾಳಿ ಟಾಕಿಯ ತಳದಲ್ಲಿ ಕೂತು, ಇಳಿದವರ ಉಸಿರು ಕಟ್ಟಿಸುತ್ತದೆ. ಹಾಳು ಬಾವಿಗೆ ಇಳಿಯುವ ಮುನ್ನ ನೀವು ಕಂದೀಲು ಇಳಿಬಿಟ್ಟು, ಆರುತ್ತದೆಯೇ ಎಂದು ನೋಡುತ್ತಿದ್ದುದನ್ನು ನಮ್ಮ ಯಜಮಾನರಿಗೆ ಹೇಳಿದ್ದೆ. "ಇದೇನ್ ನಿಮ್ಮಪ್ಪನ ಬಾವಿ ಏನ?" ಎಂದು ನಕ್ಕು ನಮ್ಮ ವೈನಿನ ಟಾಕಿ ತೊಳೆಯಲು ಇಳಿದವರು ಜೀವಂತ ಮೇಲೆ ಬರಲಿಲ್ಲ.

ಕೊಯ್ಲು ಅರ್ಧ ಉಳಿದಿದೆ. ಹೊಸ ರಸ ತುಂಬುವ ಮುನ್ನ ತೊಳೆಯಲು ನಾಡಿದ್ದು ಅದೇ ಟಾಕಿಗೆ ಮೈದುನ ಪರಮೇಶ್ವರ ಇಳಿಯಬೇಕು. ಅತ್ತಿಗೆಯಾದ ನನಗೆ "ವೈನಿ, ನಾ ಉಸರ ಹಿಡಕೊಂಡು ಇಳೀತೀನ್ರಿ" ಅನ್ನುತ್ತಾನೆ.

ಪತ್ರ ತಂದವರ ಕೈಯಲ್ಲೇ ಆ ಕಂದೀಲು ಕಳಿಸಿ. ನಾನೇ ಇಳಿಬಿಡುತ್ತೇನೆ. ಅದು ಆರಿದರೆ ಯಾರನ್ನೂ ಇಳಿಯಗೊಡುವುದಿಲ್ಲ. ಹಣ್ಣು ಬಳ್ಳಿಯಲ್ಲೇ ಕೊಳೆಯಲಿ.

ನಿಮ್ಮ ಮಗಳು,
ಮಹಾನಂದಾ