ತಮ್ಮನ ಲಾಗಿನ್

ಮೇಡಂ ಅವರಿಗೆ,

ಆಸ್ಪತ್ರೆಯ ವೆಬ್‌ಸೈಟಿನ ಲಾಗಿನ್ ಕಾಯುವ ಭದ್ರತಾ ಫ್ರೇಮ್‌ವರ್ಕನ್ನು ಹೊಸ ಆವೃತ್ತಿಗೆ ಏರಿಸಿ, ಯಾರು ಏನು ನೋಡಬಹುದೆಂಬ ನಿಯಮಗಳನ್ನೆಲ್ಲ ಮತ್ತೆ ಬರೆದಿದ್ದೇನೆ. ಇನ್ನು ಆ ನಿಯಮಗಳಲ್ಲಿ ಹೆಸರಿಲ್ಲದವರಿಗೆ ಪ್ರವೇಶವಿಲ್ಲ.

ನಮ್ಮಲ್ಲೇ ಕೆಲಸಕ್ಕಿದ್ದ ನನ್ನ ತಮ್ಮ ಕಾಣೆಯಾದ ಮೇಲೂ ಅವನ ಅನುಮತಿಯನ್ನು ಹಾಗೇ ಉಳಿಸಿದ್ದೆ. ಎಲ್ಲಿಂದಲಾದರೂ ಲಾಗಿನ್ ಆದರೆ ಬದುಕಿದ್ದಾನೆಂದಾದರೂ ತಿಳಿಯುತ್ತಿತ್ತು. "ಇವತ್ತಾದ್ರೂ ಬಂದಿದ್ನೇನೇ?" ಎಂದು ಅಮ್ಮ ದಿನವೂ ಕೇಳುತ್ತಾಳೆ.

"ಬರದೇ ಇರೋನಿಗೆ ಎಷ್ಟು ದಿನ ಅಂತ ಬಾಗಿಲು ತೆಗೆದಿಡ್ತೀಯಮ್ಮಾ? ರೋಗಿಗಳ ವಿಷಯ ಇದು" ಎಂದಿರಿ. ನಿಮ್ಮ ಮಾತು ನ್ಯಾಯವೇ. ಹೊಸ ನಿಯಮಗಳಲ್ಲಿ ಅವನ ಹೆಸರು ಬರೆಯಲಿಲ್ಲ. ಅಮ್ಮನಿಗೆ ಹೇಳಲು ಬಾಯಿ ಬಂದಿಲ್ಲ.

ಅವನು ಬರುವನೆಂಬ ಆಸೆ ನನಗೂ ಉಳಿದಿಲ್ಲ. ಆದರೂ ಒಂದು ಕೋರಿಕೆ. ಪ್ರವೇಶ ಸಿಗದವರಿಗೆ ಕಾಣುವ ಪುಟದಲ್ಲಿ, 'ಅನುಮತಿ ಇಲ್ಲ' ಎಂಬುದರ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಲು ಬಿಡಿ: 'ಮನೆಗೆ ಫೋನ್ ಮಾಡು.'

ಇಂತಿ,
ನಿಮ್ಮ ವಿಭಾಗದ ಪ್ರೋಗ್ರಾಮರ್