ರೇವಿಯ ಮರಕ್ಕೆ ತೊಡಿಸಿದ ಬಳೆ

ಕಲ್ಲುಗುಂಡಿ
ಕ್ರಿ.ಶ. ೨೪೧೭, ಸೊನ್ನೆ ತಿಂಗಳ ಒಂಬತ್ತನೆಯ ದಿನ

ನಾಲ್ಕು ನೂರು ವರ್ಷ ಹಿಂದಿರುವ ಹಿರಿಯರೇ,

ನಿಮಗಿಂತ ನಾನು ಎಷ್ಟೋ ತಲೆಮಾರು ಚಿಕ್ಕವಳು, ಆದರೂ ಎಪ್ಪತ್ತು ತುಂಬಿದ ಮುದುಕಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಸೊನ್ನೆ ತಿಂಗಳೆಂದರೆ ಹೊತ್ತೇರಿದ ಮೇಲೆ ಬಿಸಿಲಿನ ಬೇಗೆಗೆ ಯಾರೂ ಹೊರಬರಲಾಗದ ನಲವತ್ತು ದಿನ. ಆ ದಿನಗಳನ್ನು ನಾವು ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಹಾಸುಗಲ್ಲು ತೆಗೆದು ಬಿಟ್ಟುಹೋದ ಗಣಿಯ ಗುಂಡಿಯೊಳಗೆ ನಮ್ಮ ಊರಿದೆ. ಗುಂಡಿಯ ಅಂಚಿನುದ್ದಕ್ಕೂ ನಲವತ್ತು ಮಾವಿನ ಮರಗಳಿದ್ದವು. ಅವುಗಳ ನೆರಳು ಪೂರ್ತಿ ಹೋದ ದಿನ ಈ ಕಲ್ಲು ಕಾದ ಹೆಂಚಾಗುತ್ತದೆ, ನಾವು ನೂರಾ ಆರು ಮಂದಿ ಅದರೊಳಗೆ ಬೇಯುತ್ತೇವೆ.

ನನ್ನ ಹೆಸರು ಗುರುಬಾಯಿ. ಆ ಮರಗಳ ಬುಡಕ್ಕೆ ನೀರು ಹೊರುವುದು ನನ್ನ ಕೆಲಸ. ಹತ್ತು ವರ್ಷದ ಹಿಂದೆ ಗಣಿಯ ಮಣ್ಣಿನಲ್ಲಿ ನಿಮ್ಮ ಕಾಲದ ಒಂದು ಚಿತ್ರ ಸಿಕ್ಕಿತು. ಒಂದು ಬೀದಿ, ಸಾಲು ಮರಗಳು, ಪ್ರತಿ ಕಾಂಡಕ್ಕೂ ಬಿಗಿಯಾಗಿ ಸುತ್ತಿದ ತಂತಿ, ತಂತಿಗೆ ಹೆಸರು ಬರೆದ ಹಲಗೆ. ಹಿರಿಯರು ಮರಕ್ಕೆ ಬಳೆ ತೊಡಿಸಿ ತಮ್ಮ ಹೆಸರನ್ನು ಒಪ್ಪಿಸುತ್ತಿದ್ದರೆಂದು ಊರಿಗೆಲ್ಲ ಸಾರಿದವಳು ನಾನೇ. ಅಂದಿನಿಂದ ಒಂದೊಂದಾಗಿ ಎಲ್ಲ ಮರಕ್ಕೂ ಒಬ್ಬೊಬ್ಬರ ಹೆಸರಿನ ಬಳೆ ಬಿತ್ತು. ಏಳು ವರ್ಷದ ಹಿಂದೆ ಮೊಮ್ಮಗಳು ರೇವಿ ಹುಟ್ಟಿದಾಗ ಅವಳ ಬಳೆಯನ್ನು ಇಕ್ಕಳ ಹಿಡಿದು ಬಿಗಿದವಳೂ ನಾನೇ.

ಬಳೆ ತೊಟ್ಟ ಮರಗಳು ದಂಡಿಯಾಗಿ ಕಾಯಿ ಬಿಟ್ಟವು. ಹಣ್ಣು ಹಿಂದೆಂದೂ ಇಲ್ಲದಷ್ಟು ಸಿಹಿ. ಮರ ಒಲಿಯಿತೆಂದು ಕುಣಿದೆವು. ಹೋದ ವರ್ಷ ಹನ್ನೊಂದು ಮರಗಳು ಒಂದೇ ವಾರದಲ್ಲಿ ಒಣಗಿದವು. ನೀರು ಸಾಲಲಿಲ್ಲವೆಂದು ಎಲ್ಲರೂ ನನ್ನನ್ನು ಬೈದರು, ನಾನು ಇನ್ನಷ್ಟು ಹೊತ್ತೆ. ಕೊನೆಗೆ ಒಂದರ ಬುಡ ಅಗೆದೆ. ಮಣ್ಣು ಹಸಿಯಾಗಿಯೇ ಇತ್ತು, ಬೇರು ಮಾತ್ರ ಮುಟ್ಟಿದರೆ ಹಿಟ್ಟಿನಂತೆ ಉದುರಿತು. ಮರ ಬಾಯಾರಿ ಸತ್ತಿರಲಿಲ್ಲ, ಹಸಿದು ಸತ್ತಿತ್ತು.

ನಿಮ್ಮ ಶಾಲೆಯ ಪಾಠದ ಹರಿದ ಹಾಳೆಯೊಂದನ್ನು ಹುಡುಕಿ ತೆಗೆದು, ಕಾಂಡ ಸೀಳಿ ಹೋಲಿಸಿ ನೋಡಿದೆ. ನೀವು ಕ್ಸೈಲಮ್ ಎಂದದ್ದನ್ನು ನಾನು ಏರುದಾರಿ ಎನ್ನುತ್ತೇನೆ. ಅದು ಒಳಗಿನ ಕಟ್ಟಿಗೆಯಲ್ಲಿದೆ, ಬೇರು ಹೀರಿದ ನೀರೂ ಮಣ್ಣಿನ ಲವಣವೂ ಅದರಲ್ಲೇ ಎಲೆಗೆ ಹತ್ತುತ್ತವೆ. ಎಲೆ ಬಿಸಿಲಲ್ಲಿ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ನಿಮ್ಮ ಫ್ಲೋಯಮ್, ನನ್ನ ಇಳಿದಾರಿ. ಕಾಂಡ ದಪ್ಪವಾದಂತೆ ತಂತಿ ಆ ಇಳಿದಾರಿಯ ಕತ್ತು ಹಿಸುಕಿತ್ತು. ನೀರು ಹತ್ತುತ್ತಲೇ ಇದ್ದುದರಿಂದ ಎಲೆ ಹಸಿರಾಗಿತ್ತು. ಬೇರಿನ ಪಾಲಿನ ಊಟ ಮೇಲೆಯೇ ಉಳಿದು ಹಣ್ಣಿಗೆ ಸೇರಿತ್ತು. ನಾವು ಚಪ್ಪರಿಸಿ ತಿಂದದ್ದು ಬೇರಿನ ತುತ್ತನ್ನು.

ಈಗ ಹಸಿರು ಕಂಡರೇ ನನಗೆ ಭಯ. ಉಳಿದ ಇಪ್ಪತ್ತೊಂಬತ್ತು ಮರಗಳಲ್ಲೂ ಬಳೆಯ ಮೇಲೆ ತೊಗಟೆ ಊದಿಕೊಂಡಿದೆ. ಬಿಚ್ಚೋಣವೆಂದರೆ ಒಬ್ಬರೂ ಒಪ್ಪಲಿಲ್ಲ. ಬಳೆ ಕಡಿದರೆ ಆ ಹೆಸರಿನವರು ಉಳಿಯುವುದಿಲ್ಲವೆಂದು ಹಿಂದೆ ಹೆದರಿಸಿಟ್ಟವಳು ನಾನಲ್ಲವೇ? ಅದಕ್ಕೇ ಮೊನ್ನೆ ನಸುಕಿನಲ್ಲಿ ರೇವಿಯ ಮರದ ಬಳೆಯನ್ನೇ ಮೊದಲು ಕಡಿದೆ. "ಆಯಿ, ಎಲಿ ಹಸರ ಅದಾವಲ್ಲ, ಯಾಕ ಕಡೀಲಿಕತ್ತಿ? ನಾ ಸಾಯ್ತೀನೇನು?" ಎಂದಳು ಜೊತೆಗೆ ಬಂದಿದ್ದ ರೇವಿ. ಇಲ್ಲ ಕಂದಾ ಎಂದೆ. ಎಲ್ಲ ಗೊತ್ತಿದ್ದೂ ದಿನವಿಡೀ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ.

ತಂತಿಯಡಿಯ ತೊಗಟೆ ಸತ್ತಿತ್ತು. ಅದೇ ಮರದ ಐದು ಕಡ್ಡಿಗಳನ್ನು ಗಾಯದ ಮೇಲೂ ಕೆಳಗೂ ತೊಗಟೆಯೊಳಗೆ ಸಿಕ್ಕಿಸಿ ಸೇತುವೆಯಂತೆ ಕಟ್ಟಿದ್ದೇನೆ. ಅವು ಬೆಸೆದುಕೊಂಡರೆ ಬೇರಿಗೆ ಊಟ ಇಳಿಯುತ್ತದೆ, ಊರು ನಂಬಿ ಉಳಿದ ಬಳೆಗಳನ್ನೂ ಬಿಚ್ಚುತ್ತದೆ. ಒಣಗಿದರೆ ಯಾರೂ ಬಿಚ್ಚುವುದಿಲ್ಲ. ಇವತ್ತು ನೋಡಿದಾಗ ಎರಡು ಕಡ್ಡಿ ಕಪ್ಪಾಗಿದ್ದವು.

ನಿಮ್ಮಿಂದ ಉತ್ತರ ಬರುವುದಿಲ್ಲವೆಂದು ಗೊತ್ತು. ಆದರೂ ಬೇಡುತ್ತೇನೆ. ನಿಮ್ಮ ಬೀದಿಯ ಮರಕ್ಕೆ ಸುತ್ತಿರುವ ತಂತಿಯನ್ನು ಬಿಚ್ಚಿ. ಬಿಚ್ಚುವಾಗ ಒಂದು ಚಿತ್ರ ತೆಗೆಯಿರಿ, ಕೈ, ಇಕ್ಕಳ, ಕಡಿದ ತಂತಿ ಮೂರೂ ಕಾಣುವಂತೆ. ನಿಮ್ಮ ಕಾಲದಿಂದ ಒಂದೇ ಚಿತ್ರ ಉಳಿಯುವುದಾದರೆ ಅದು ಉಳಿಯಲಿ. ಹತ್ತು ವರ್ಷದ ಹಿಂದೆ ಮಣ್ಣಿನಲ್ಲಿ ನನ್ನ ಕೈಗೆ ಆ ಹಳೆಯ ಚಿತ್ರದ ಬದಲು ಅದು ಸಿಗಲಿ.

ನಿಮ್ಮನ್ನು ನೋಡಿ ಕಲಿತ,
ಗುರುಬಾಯಿ